ಸಂಸ್ಕಾರಕಗಳ ಜೋಡಣೆ: ಬಲಕ್ಕಿಂತ ಹೊಂದಿಕೆ ಮೇಲು

ಇಳಕಲ್ಲ ಸೀರೆಯ ಹಿರಿಮೆಯು ಅದರ ಸೆರಗಿನ ಕೂಡಿಕೆಯಲ್ಲಿದೆ. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ತಕ್ಕ ಎಳೆಯೊಡನೆ ಕೊಂಡಿ ಹಾಕಿ ಬೆಸೆಯುವರು. ಅವಸರಪಟ್ಟು ಎಳೆದರೆ ನೂಲು ಹರಿಯುವುದೇ ಹೊರತು ಕೂಡುವುದಿಲ್ಲ. ಗುಡೂರು, ಇಳಕಲ್ಲು, ಹುನಗುಂದ ಸೀಮೆಯವರಿಗೆ ಇದು ಹೊಸ ಮಾತಲ್ಲ. ಗಣಕಯಂತ್ರದ ಮಿದುಳೆನಿಸಿದ ಸಂಸ್ಕಾರಕವನ್ನು, ಅಂದರೆ ಪ್ರೊಸೆಸರನ್ನು, ಅದರ ಪೀಠದಲ್ಲಿ ಕೂಡಿಸುವ ಕಾರ್ಯವೂ ಇದೇ ಜಾತಿಯದು.

ಮನೆಯ ಗಣಕಕ್ಕೆ ಸಾಮಾನ್ಯವಾಗಿ ಒಂದೇ ಸಂಸ್ಕಾರಕವಿರುತ್ತದೆ. ಅನೇಕರಿಗೆ ಏಕಕಾಲಕ್ಕೆ ಸೇವೆ ಸಲ್ಲಿಸುವ ಸರ್ವರ್ ಯಂತ್ರದಲ್ಲಿ ಎರಡು, ನಾಲ್ಕು ಅಥವಾ ಹೆಚ್ಚು ಪೀಠಗಳಿರುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. ಅದರ ಗಣನಾ ಘಟಕಗಳಲ್ಲಿ ಇಂಟೆಲ್ ಕ್ಸಿಯಾನ್ ಸಂಸ್ಕಾರಕಗಳು ಎರಡೆರಡಾಗಿ ಜೋಡಿಗೊಂಡಿವೆ.

ಆ ಪೀಳಿಗೆಯ ಪೀಠದಲ್ಲಿ 3,647 ಸ್ಪರ್ಶಬಿಂದುಗಳಿವೆ. ಕೂದಲಿನಂತಹ ಲೋಹದ ಕಡ್ಡಿಗಳಿರುವುದು ಪೀಠದಲ್ಲಿ. ಸಂಸ್ಕಾರಕದ ತಳದಲ್ಲಿರುವುದು ಚಪ್ಪಟೆ ಚುಕ್ಕೆಗಳು ಮಾತ್ರ. ಒಂದು ಕಡ್ಡಿ ಬಾಗಿದರೂ ಯಂತ್ರ ಏಳದೆ ಹೋಗಬಹುದು, ಇಲ್ಲವೆ ಸ್ಮೃತಿಫಲಕವೊಂದು ಕಾಣದಾಗಬಹುದು. ಅನೇಕ ವೇಳೆ ಇಡಿಯ ಮೂಲಫಲಕವನ್ನೇ ಬದಲಿಸಬೇಕಾಗುತ್ತದೆ.

ಆದುದರಿಂದ ಸಿದ್ಧತೆಯೇ ಅರ್ಧ ಕಾರ್ಯ. ಸರ್ವರಿಗೆ ಬಹುಮಟ್ಟಿಗೆ ಎರಡು ವಿದ್ಯುತ್ ಮೂಲಗಳಿರುವುದರಿಂದ ಎರಡೂ ತಂತಿಗಳನ್ನು ಕಳಚತಕ್ಕದ್ದು. ದೇಹದಲ್ಲಿ ಸಂಚಯವಾದ ಸ್ಥಿರವಿದ್ಯುತ್ತು ಸುಮಾರು 3,000 ವೋಲ್ಟಿಗಿಂತ ಕಡಿಮೆಯಿದ್ದರೆ ಮನುಷ್ಯನಿಗೆ ಅರಿವಾಗದು. ಸೂಕ್ಷ್ಮ ಭಾಗಗಳನ್ನು ಕೆಡಿಸಲು ಅದಕ್ಕಿಂತ ಬಹಳ ಕಡಿಮೆ ಸಾಕು. ಬಯಲುಸೀಮೆಯ ಒಣಹವೆಯಲ್ಲಿ ಈ ಅಪಾಯ ಅಧಿಕ. ಕೈಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡೇ ಮುಟ್ಟಬೇಕು. ಜೋಡಿಸುವ ಸಂಸ್ಕಾರಕಗಳು ಒಂದೇ ಮಾದರಿಯವಾಗಿರಬೇಕು. ಮೂಲಫಲಕವು ಅವುಗಳಿಗೆ ಒಪ್ಪುವಂತಿರಬೇಕು.

ಜೋಡಣೆಯು ಮೊದಲನೆಯ ಪೀಠದಿಂದ ಆರಂಭವಾಗಬೇಕು. ಅದು ಬರಿದಾಗಿದ್ದರೆ ಯಂತ್ರ ಏಳುವುದಿಲ್ಲ. ಮೇಲೆ ಹೇಳಿದ ಪೀಳಿಗೆಯಲ್ಲಿ ಸಂಸ್ಕಾರಕವನ್ನು ಚೌಕಟ್ಟಿನ ಮೂಲಕ ಮೊದಲು ಶಾಖಹಾರಿಗೆ ಸಿಕ್ಕಿಸುವರು. ಬಳಿಕ ತ್ರಿಕೋನದ ಗುರುತುಗಳನ್ನು ಸರಿಹೊಂದಿಸಿ, ಮಾರ್ಗದರ್ಶಕ ಗೂಟಗಳ ನೇರದಲ್ಲಿ, ಓರೆಯಾಗದಂತೆ ಇಳಿಸುವರು. ಅದು ತನ್ನ ಭಾರದಿಂದಲೇ ಕೂಡಬೇಕು; ಕೈಯಿಂದ ಒತ್ತಕೂಡದು. ಅನಂತರ ನಾಲ್ಕು ತಿರುಪುಗಳನ್ನು ಅಚ್ಚಾದ ಅಂಕೆಯ ಕ್ರಮದಲ್ಲಿ, ತಯಾರಕರು ವಿಧಿಸಿದ ಬಿಗಿತಕ್ಕೆ ತಿರುಗಿಸಬೇಕು. ಬಿಚ್ಚುವಾಗ ಕ್ರಮ ತಿರುಗುಮುರುಗು. ಒಂದೇ ಬದಿಯನ್ನು ಮೊದಲೇ ಬಿಗಿದರೆ ಒತ್ತಡವು ಓರೆಯಾಗಿ ಬೀಳುತ್ತದೆ.

ಪ್ರತಿಯೊಂದು ಪೀಠಕ್ಕೂ ತನ್ನದೇ ಸ್ಮೃತಿಫಲಕಗಳಿರುವುದರಿಂದ ಅವನ್ನು ಇಬ್ಬರಿಗೂ ಸಮನಾಗಿ ಹಂಚಬೇಕು. ಬರಿಯ ಪೀಠದ ಮುಚ್ಚಳವನ್ನು ತೆಗೆಯಬಾರದು. ಧೂಳಿನ ಕಣವೂ ಅದಕ್ಕೆ ಶತ್ರು. ಕೊನೆಗೆ ಯಂತ್ರವನ್ನು ಎಚ್ಚರಿಸಿ, ಎಲ್ಲ ಸಂಸ್ಕಾರಕಗಳೂ ಎಲ್ಲ ಸ್ಮೃತಿಯೂ ಎಣಿಕೆಗೆ ಬಂದವೇ ಎಂದು ಪರೀಕ್ಷಿಸಿದ ಮೇಲೆಯೇ ಕಾರ್ಯ ಮುಗಿಯಿತೆನ್ನಬೇಕು.

ವಿದ್ಯಾಸಂಸ್ಥೆಗೆ ಇಂತಹ ಯಂತ್ರವನ್ನು ನೀಡುವ ದಾನಿಯ ಔದಾರ್ಯವು, ಅದನ್ನು ನೆಲೆಗೊಳಿಸುವವನ ಜಾಗ್ರತೆಯಿಂದ ಸಾರ್ಥಕವಾಗುತ್ತದೆ. ಕಲಿಸುವ ಗುರುಗಳು ಶಿಷ್ಯರಿಗೆ ಮೊದಲು ತಿಳಿಸಬೇಕಾದುದು ಇಷ್ಟೆ: ಕೂಡದಿದ್ದರೆ ಒತ್ತಬೇಡ, ಮೇಲೆತ್ತಿ ನೋಡು.