ತಿಥಿ ಬರೆದಿಟ್ಟ ಕಲ್ಲು

ನವೆಂಬರ್ 1 ಬಂತೆಂದರೆ ‘ಇತಿಹಾಸದಲ್ಲಿ ಈ ದಿನ’ದ ಪಟ್ಟಿಗಳಲ್ಲಿ ಕರ್ನಾಟಕದ ಪಾಲಿಗೆ ಎರಡು ಇಸವಿ ತಪ್ಪದೆ ಕಾಣುತ್ತವೆ: 1956ರ ಏಕೀಕರಣ, 1973ರ ನಾಮಕರಣ. ಬಾಗಲಕೋಟೆ ಸೀಮೆಗೆ ಮೊದಲನೆಯದೇ ದೊಡ್ಡದು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಅಂದು ಬಿಜಾಪುರ ಜಿಲ್ಲೆಯೊಂದಿಗೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಅಲ್ಲಿಯವರೆಗೆ ಇಳಕಲ್ಲಿನ ಸೀರೆ ವ್ಯಾಪಾರಿ ನೆರೆಯ ಕುಷ್ಟಗಿಗೆ ಹೋದರೂ ಹೈದರಾಬಾದ್ ರಾಜ್ಯಕ್ಕೆ ಹೋದಂತೆಯೇ. ಹುನಗುಂದದ ಎಸ್.ಆರ್. ಕಂಠಿ ಹೊಸ ರಾಜ್ಯದ ವಿಧಾನಸಭೆಯ ಸ್ಪೀಕರ್ ಆದರು. ಇದೆಲ್ಲ ಸರಿಯೇ. ಆದರೆ ಈ ಪಟ್ಟಿಗೆ, ಶಾಸನದ ತೇದಿ ನವೆಂಬರ್ 1 ಎನ್ನಲಾಗುವ ಬಾದಾಮಿ ಮೇಣಬಸದಿಯ ಮೂರನೆಯ ಗುಹೆಯೂ ಸೇರಬೇಕು, ಅದೂ ಕಾಕತಾಳೀಯದ ಬೆರಗಿಗಾಗಿ ಅಲ್ಲ, ಎಂಬುದು ನನ್ನ ವಾದ.

ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ, ಶಕ 500 ಕಳೆದ ಮೇಲೆ, ಕಾರ್ತಿಕ ಹುಣ್ಣಿಮೆ: ಅವನ ತಮ್ಮ ಮಂಗಳೇಶ ಈ ವಿಷ್ಣುಗುಹೆಯ ಸಂಸ್ಕೃತ ಶಾಸನದಲ್ಲಿ ಮೂರೂ ಲೆಕ್ಕ ಒಟ್ಟಿಗೆ ಕೊರೆಸಿದ. ಅಲ್ಲೇ ಕನ್ನಡದ ಪುಟ್ಟ ಶಾಸನವೂ ಇದೆ. ಗುಹೆಯನ್ನು ‘ಕಲ್ಮನೆ’ ಎನ್ನುವ ಅದು, ಲಂಜಿಗೇಸರವೆಂಬ ಊರನ್ನು ದೇವರಿಗೆ ಬಿಟ್ಟದ್ದರ ಜೊತೆಗೆ ಹೂಮಾಲೆ ಕಟ್ಟುವವರ ಪಾಲನ್ನೂ ಹೇಳುತ್ತದೆ. ಮಾಲೆಗಾರರನ್ನು ಮರೆಯದವರು ತಿಥಿಯನ್ನು ಮರೆತಾರೆಯೇ? ಇಂಥ ನಿಖರತೆ ಅಪರೂಪ. ಅದೇ ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಶಾಸನ ಶಕ 465 (ಕ್ರಿ.ಶ. 543) ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಐಹೊಳೆಯ ಮೇಗುತಿಯಲ್ಲಿ ಕವಿ ರವಿಕೀರ್ತಿ ಶಕ 556 ಎಂದ, ಭಾರತ ಯುದ್ಧದಿಂದ 3735 ಎಂದೂ ಎಣಿಸಿದ; ತಿಂಗಳು, ತಿಥಿ ಎತ್ತಲಿಲ್ಲ. ಹರ್ಷನ ಸೋಲನ್ನು ಹಾಡಿದ ಶಾಸನಕ್ಕೇ ಹೀಗೆ ದಿನದ ಪಟ್ಟಿಯಲ್ಲಿ ಜಾಗವಿಲ್ಲ. ಘಟನೆ ದೊಡ್ಡದಾದರೆ ಸಾಲದು, ಯಾರಾದರೂ ದಿನ ಬರೆದಿಟ್ಟಿರಬೇಕು.

ಕಾರ್ತಿಕ ಹುಣ್ಣಿಮೆ ನವೆಂಬರ್ 1 ಆದದ್ದು ಹೇಗೆ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಲೆಕ್ಕ 578ರ ಅಕ್ಟೋಬರ್ 31 ಇಲ್ಲವೇ ನವೆಂಬರ್ 1ಕ್ಕೆ ಬರುತ್ತದೆ, ಅದೂ ಹಳೆಯ ಜೂಲಿಯನ್ ಪದ್ಧತಿಯಲ್ಲಿ. ಇಂದಿನ ಕ್ಯಾಲೆಂಡರಿಗೆ ಹೊಂದಿಸಿದರೆ ಇನ್ನೆರಡು ದಿನ ಮುಂದಕ್ಕೆ ಸರಿಯುತ್ತದೆ. ಮಂಗಳೇಶ ರಾಜ್ಯೋತ್ಸವದ ಮುಹೂರ್ತವನ್ನೇ ಹಿಡಿದಿದ್ದ ಎಂಬ ವೇದಿಕೆಯ ಮಾತು ಹಾಗಾಗಿ ನಿಲ್ಲದು. ಆದರೂ ಗುಹೆಯನ್ನು ಕೈಬಿಡಬೇಕಿಲ್ಲ. ದಿನ ಅತ್ತಿತ್ತ ಆದರೂ ವರ್ಷ ಅಲುಗುವುದಿಲ್ಲ; ಕೀರ್ತಿವರ್ಮ 566–67ರಲ್ಲಿ ಪಟ್ಟಕ್ಕೆ ಬಂದನೆಂದು ಹಿಂದಕ್ಕೆ ಎಣಿಸುವುದೂ, ತೇದಿಯಿಲ್ಲದ ಉಳಿದ ಗುಹೆಗಳ ಕಾಲವನ್ನು ಶಿಲ್ಪ ಹೋಲಿಸಿ ಅಂದಾಜು ಮಾಡುವುದೂ ಇದನ್ನೇ ಹಿಡಿದು. ಪಟ್ಟಿ ಮಾಡುವವರು ಮೊದಲು ‘ಶಕ 500, ಕಾರ್ತಿಕ ಹುಣ್ಣಿಮೆ’ ಎಂದು ಬರೆದು, ಆಮೇಲೆ ಇಂಗ್ಲಿಷ್ ತೇದಿ ಹಾಕಲಿ. ಆ ಹುಣ್ಣಿಮೆಗೆ ಈ ಕಡೆ ಇಂದಿಗೂ ಗೌರಿ ಹುಣ್ಣಿಮೆ ಎನ್ನುತ್ತಾರೆ. ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಡುವ ದಿನ ಅದು.