ಬೀದಿಗೆ ಹೆಸರು, ಹೆಸರಿಗೆ ಅರ್ಥ

ಗತಿಸಿದ ಕಲಾವಿದರ ಹೆಸರನ್ನು ಬೀದಿಗೆ ಇರಿಸುವುದು ಊರು ಸಲ್ಲಿಸುವ ಕೃತಜ್ಞತೆಯ ಒಂದು ರೂಪ. ಆದರೆ ನಾಮಕರಣದ ದಿನ ಹಾಕಿದ ಹಾರ ಬಾಡಿದ ಮೇಲೆ ಆ ಹೆಸರು ಬರಿಯ ವಿಳಾಸವಾಗಿ ಉಳಿದರೆ ಅದನ್ನು ಸ್ಮರಣೆ ಎನ್ನಬಹುದೇ?

ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಜವಾಹರಲಾಲ್ ನೆಹರು ತಾರಾಲಯವಿರುವ ರಸ್ತೆಗೆ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರ ಹೆಸರಿದೆ. ನಕ್ಷತ್ರ ನೋಡಲು ಬಂದ ಮಗು, ‘ಚೌಡಯ್ಯನವರು ಯಾರು?’ ಎಂದು ಕೇಳಿದರೆ ಜೊತೆಯಲ್ಲಿರುವ ಹಿರಿಯರ ಬಳಿ ಉತ್ತರವಿರಬೇಕಲ್ಲವೇ?

‘ಟಿ.’ ಎಂಬ ಒಂದಕ್ಷರದೊಳಗೆ ತಿರುಮಕೂಡಲು ಅಡಗಿದೆ. ಕಾವೇರಿ, ಕಪಿಲೆಯರು ಕೂಡುವ ಪುಣ್ಯಸ್ಥಳವದು. ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಸಂಗೀತ ಸಾಧನೆ ಮಾಡಿದರು. ಧ್ವನಿವರ್ಧಕ ಅಪರೂಪವಾಗಿದ್ದ ಕಾಲವದು. ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಗೆ ತಲುಪುವುದು ಕಷ್ಟವಾಗಿತ್ತು. ಆದುದರಿಂದ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಹಿಂದೆ ಕುಳಿತವನಿಗೂ ನಾದ ಸಲ್ಲಬೇಕೆಂಬ ಈ ಕಾಳಜಿಯಲ್ಲಿಯೇ ಅವರ ದೊಡ್ಡತನವಿದೆ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಗೌರವ ಸಂದಿತು. 1967ರಲ್ಲಿ ಅವರು ನಾದಲೀನರಾದರು.

ಬೆಂಗಳೂರಿನಲ್ಲಿಯೇ ಚೌಡಯ್ಯ ಸ್ಮಾರಕ ಭವನವೂ ಇದೆ. ಪಿಟೀಲಿನ ಆಕಾರದ ಆ ಕಟ್ಟಡವು ತಾನು ಯಾರ ಸ್ಮಾರಕವೆಂದು ನೋಟಕ್ಕೇ ಸಾರುತ್ತದೆ. ರಸ್ತೆಗೆ ಅಂತಹ ಆಕಾರವಿಲ್ಲ, ಅದಕ್ಕಿರುವುದು ಹೆಸರೊಂದೇ. ಆ ಹೆಸರಿಗೆ ಅರ್ಥ ತುಂಬಬೇಕಾದವರು ನಾವು.

ವಾಚಕ ಬಂಧುಗಳೇ, ನಿಮ್ಮ ಊರಿನ ಬೀದಿಗೆ ಕಲಾವಿದರೊಬ್ಬರ ಹೆಸರಿಡುವಾಗ ಫಲಕದಲ್ಲಿ ಅವರ ಸಾಧನೆಯನ್ನು ಎರಡು ಸಾಲಿನಲ್ಲಿ ಬರೆಯಿಸಿರಿ. ಮನೆಯ ಹಿರಿಯರು ಮಕ್ಕಳ ಕೈಹಿಡಿದು ಅದನ್ನು ಓದಿಸಲಿ. ಆಗ ಆ ಬೀದಿ ನಿಜವಾಗಿ ಅವರದಾಗುತ್ತದೆ.