ಹತ್ತೊಂಬತ್ತು ಒಂದುಗಳ ಹಾರ

ಗಣಿತವೆಂದೊಡನೆ ಪುಟ ತಿರುವುವ ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಗುಣಾಕಾರ, ಭಾಗಾಕಾರಗಳು ಬಂದರೆ ಈ ಲೇಖನಕ್ಕೆ ಬಹುಮಟ್ಟಿಗೆ ಸಾಕು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗುಣಿಸಿದಾಗ ಅಂದವಾದ ಸಾಲಾಗಿ ನಿಲ್ಲುವ ಸಂಖ್ಯೆಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ. 152207ನ್ನು 73ರಿಂದ ಗುಣಿಸಿರಿ. 11111111 ಎಂಬ ಹಾರ ದೊರೆಯುತ್ತದೆ. ಹೀಗೆ ಗುಣಿಸಿ ಕಟ್ಟಿದ ಹಾರವನ್ನು ಭಾಗಿಸಿ ಬಿಡಿಸಬಹುದು. ಬಿಡಿಸಲಾಗದ ಹಾರವೂ ಉಂಟೆ? 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ.

ನಮ್ಮ ತಾಯಿ ಚಿಕ್ಕಬಳ್ಳಾಪುರದಲ್ಲಿ ಹೂ ಕಟ್ಟಿ ಮಾರುತ್ತಾರೆ. ಆರು ಸೇವಂತಿಗೆಯ ಮಾಲೆಯನ್ನು ಮೂರು ಮೂರರ ಎರಡು ತುಂಡು ಮಾಡಬಹುದು. ಅಂತೆಯೇ 111111 ಎಂಬುದು 111 × 1001. ಒಂದುಗಳ ಎಣಿಕೆ ಸಮವಾಗಿ ತುಂಡಾದರೆ ಸಂಖ್ಯೆಯೂ ಒಡೆಯುತ್ತದೆ. ಆದ್ದರಿಂದ ಎಣಿಕೆಯೇ ಅವಿಭಾಜ್ಯವಾಗಿರುವ ಹಾರಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು.

ಎರಡು ಒಂದುಗಳ 11 ಅವಿಭಾಜ್ಯ. ಮುಂದೆ ನೋಡಿ:

111 = 3 × 37
11111 = 41 × 271
1111111 = 239 × 4649

11, 13, 17 ಒಂದುಗಳ ಹಾರಗಳೂ ಒಡೆದುಹೋದವು. “11ರ ನಂತರ ಇಂಥ ಅವಿಭಾಜ್ಯವಿಲ್ಲ” ಎಂದು ನೋಟ್‌ಬುಕ್ಕಿನಲ್ಲಿ ಹೆಮ್ಮೆಯಿಂದ ಬರೆದು ಅಧ್ಯಾಪಕರಿಗೆ ತೋರಿಸಿದೆ. ಅವರು ನಕ್ಕು, “ಆರು ಸಲ ಆದದ್ದು ಏಳನೆಯ ಸಲವೂ ಆಗಲೇಬೇಕೇನಪ್ಪಾ?” ಎಂದರು.

ಏಳನೆಯದು 1111111111111111111. ಇದರಲ್ಲಿ ಹತ್ತೊಂಬತ್ತು ಒಂದುಗಳಿವೆ. ಇದನ್ನು ಭಾಗಿಸುವ ಅವಿಭಾಜ್ಯವೊಂದಿದೆ ಎಂದುಕೊಳ್ಳೋಣ. ಅದರಿಂದ 1, 10, 100, 1000 ಎಂದು ಭಾಗಿಸುತ್ತ ಹೋದರೆ ಶೇಷಗಳು ಹತ್ತೊಂಬತ್ತು ಹೆಜ್ಜೆಗೊಮ್ಮೆ ಮರಳಿ 1ಕ್ಕೆ ಬರುತ್ತವೆ. ಫರ್ಮಾನ ಪ್ರಮೇಯದಂತೆ, ಆ ಭಾಜಕಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿಯೂ 1ಕ್ಕೆ ಬರಲೇಬೇಕು. ಆದಕಾರಣ ಭಾಜಕದಲ್ಲಿ ಒಂದು ಕಳೆದರೆ ಉಳಿಯುವುದು 19ರ ಗುಣಕ. ಭಾಜಕ ಬೆಸಸಂಖ್ಯೆಯಾದುದರಿಂದ 38ರ ಗುಣಕವೂ ಹೌದು. ಅಂದರೆ 38 ಸಂಖ್ಯೆಗಳಿಗೆ ಒಂದನ್ನು ಮಾತ್ರ ಪರೀಕ್ಷಿಸಿದರಾಯಿತು. ಅದೂ ವರ್ಗಮೂಲದವರೆಗೆ, ಸುಮಾರು 105 ಕೋಟಿಯ ತನಕ. ಗಣಕಯಂತ್ರದಲ್ಲಿ ನಾನೇ ನೋಡಿದೆ. ಒಂದೂ ಭಾಗಿಸಲಿಲ್ಲ. ನನ್ನ ಹೆಮ್ಮೆಯ ಸಾಲನ್ನು ನಾನೇ ಹೊಡೆದುಹಾಕಿದೆ.

23, 317, 1031 ಒಂದುಗಳ ಹಾರಗಳೂ ಅವಿಭಾಜ್ಯಗಳೇ. 49081 ಒಂದುಗಳದು ಅವಿಭಾಜ್ಯವೆಂದು 2022ರಲ್ಲಿ ಸಿದ್ಧವಾಯಿತು. ಇವುಗಳಿಗೆ ಕೊನೆಯುಂಟೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, “ಅಮ್ಮಾ, ಇದನ್ನು ಯಾರಿಂದಲೂ ಬಿಡಿಸಲಾಗದು” ಎಂದೆ. ಶಾಲೆಗೆ ಹೋಗದ ಅಮ್ಮ ಹೂ ಕಟ್ಟುತ್ತಲೇ, “ಆಗಲ್ಲ ಅಂತ ನಿಂಗೆ ಹೆಂಗೆ ಗೊತ್ತು?” ಎಂದು ಕೇಳಿದರು. ಮೂರು ವರ್ಷ ಓದಿ ನಾನು ಕಲಿತ ಪ್ರಶ್ನೆಯೂ ಅದೇ.